ಲೈಡನ್‌ನ ಫೋನ್ ತಂತಿಯಿಂದ ಮಲೆನಾಡಿನ ವಾಟ್ಸ್‌ಆ್ಯಪ್‌ವರೆಗೆ: ಇಸಿಜಿ ಕತೆ

ಕಳಸದಲ್ಲಿ ಒಬ್ಬರಿಗೆ ರಾತ್ರಿ ಎದೆನೋವು ಶುರುವಾಯ್ತು ಅಂದ್ಕೊಳ್ಳಿ. ಜಿಲ್ಲಾ ಕೇಂದ್ರ ಚಿಕ್ಕಮಗಳೂರು ಸುಮಾರು 90 ಕಿಲೋಮೀಟರ್, ಅದೂ ತಿರುವು ರಸ್ತೆ. ಮೂಡಿಗೆರೆಯವರು ಮಂಗಳೂರಿಗೆ ಹೋಗ್ಬೇಕಂದ್ರೆ ಚಾರ್ಮಾಡಿ ಘಾಟಿ ಇಳೀಬೇಕು. 2019ರ ಮಳೆಗಾಲದಲ್ಲಿ ಗುಡ್ಡ ಕುಸಿದು ಆ ರಸ್ತೆಯೇ ಬಂದ್ ಆಗಿತ್ತು. ಇಂಥ ಕಡೆ ಮೊದಲು ಗೊತ್ತಾಗಬೇಕಾದ್ದು ಒಂದೇ: ಇದು ಗ್ಯಾಸ್ಟ್ರಿಕ್ಕಾ, ಹಾರ್ಟ್ ಅಟ್ಯಾಕಾ? ಅದಕ್ಕೆ ಮೊದಲ ಸುಳಿವು ಕೊಡೋ ಯಂತ್ರವೇ ಇಸಿಜಿ.

ಇದನ್ನು ಕೊಟ್ಟವರು ವಿಲ್ಲೆಮ್ ಐಂಥೋವನ್. ಹುಟ್ಟಿದ್ದು 1860ರಲ್ಲಿ, ಜಾವಾ ದ್ವೀಪದಲ್ಲಿ. ಹೌದು, ಡಚ್ಚರು ನಮ್ಮ ಮಲಬಾರ್ ಕರಾವಳಿಯಿಂದ ಕಾಫಿ ಗಿಡ ಒಯ್ದು ನೆಟ್ಟ ಅದೇ ಜಾವಾ! ಮುಂದೆ ಅವರು ಹಾಲೆಂಡಿನ ಲೈಡನ್‌ನಲ್ಲಿ ಪ್ರೊಫೆಸರ್ ಆದರು.

ಹೃದಯದ ವಿದ್ಯುತ್ ಚರ್ಮದ ಮೇಲೆ ಸಿಗೋದು ಬರೀ ಒಂದು ಮಿಲಿವೋಲ್ಟ್ ಆಸುಪಾಸು. ಅದನ್ನು ಹಿಡಿಯೋಕೆ ಅವರು ಬೆಳ್ಳಿ ಲೇಪಿಸಿದ ಕ್ವಾರ್ಟ್ಜ್ ಎಳೆಯನ್ನು ದೊಡ್ಡ ಅಯಸ್ಕಾಂತದ ನಡುವೆ ಬಿಗಿದರು. ಯಂತ್ರದ ತೂಕ ಸುಮಾರು 270 ಕಿಲೋ, ನಡೆಸೋಕೆ ಐದು ಜನ. ರೋಗಿ ಕೈಕಾಲನ್ನು ಉಪ್ಪುನೀರಿನಲ್ಲಿ ಅದ್ದಿ ಕೂರಬೇಕಿತ್ತು. ಇಷ್ಟು ಭಾರದ್ದನ್ನು ಆಸ್ಪತ್ರೆಗೆ ಸಾಗಿಸೋದು ಹೇಗೆ? ಯಂತ್ರ ಲ್ಯಾಬ್‌ನಲ್ಲೇ ಉಳೀತು. 1905ರಲ್ಲಿ ಒಂದೂವರೆ ಕಿಲೋಮೀಟರ್ ದೂರದ ಆಸ್ಪತ್ರೆಯಿಂದ ಫೋನ್ ತಂತಿಯಲ್ಲಿ ಎದೆಬಡಿತದ ಸಿಗ್ನಲ್ ಬಂತು. 1924ರಲ್ಲಿ ನೊಬೆಲ್ ಕೂಡ ಬಂತು.

ಈಗ ನಮ್ಮೂರಿಗೆ ಬನ್ನಿ. 2018ರಲ್ಲಿ ಮಂಗಳೂರಿನ ಹೃದ್ರೋಗ ತಜ್ಞ ಡಾ. ಪದ್ಮನಾಭ ಕಾಮತ್ 'ಕಾರ್ಡಿಯಾಲಜಿ ಅಟ್ ಡೋರ್‌ಸ್ಟೆಪ್' ಶುರುಮಾಡಿದರು. ಕರಾವಳಿ, ಮಲೆನಾಡಿನ ಹಳ್ಳಿ ಆರೋಗ್ಯ ಕೇಂದ್ರಗಳಿಗೆ ಇಸಿಜಿ ಯಂತ್ರ ಕೊಡೋದು, ಅಲ್ಲಿನ ವೈದ್ಯರು ತೆಗೆದ ಇಸಿಜಿಯನ್ನು ವಾಟ್ಸ್‌ಆ್ಯಪ್ ಗ್ರೂಪಿನಲ್ಲಿ ತಜ್ಞರು ನೋಡಿ ಸಲಹೆ ಕೊಡೋದು. ಐಂಥೋವನ್ ಉಪಾಯವೇ, ತಂತಿ ಇಲ್ಲ ಅಷ್ಟೆ. ಸರ್ಕಾರದ್ದೂ 2023ರಿಂದ ಪುನೀತ್ ರಾಜ್‌ಕುಮಾರ್ ಹೃದಯ ಜ್ಯೋತಿ ಯೋಜನೆ ಇದೆ.

ಆದರೆ ಯಂತ್ರ ಕೊಟ್ಟರೆ ಮುಗೀತಾ? ಮಲೆನಾಡಿನ ಮಳೆಗಾಲ ನಿಮಗೇ ಗೊತ್ತು: ಪಸೆ, ಕೈಕೊಡೋ ಕರೆಂಟು. ಅರ್ಥಿಂಗ್ ಸರಿಯಿಲ್ಲದಿದ್ದರೆ ಕರೆಂಟಿನ 50 ಹರ್ಟ್ಜ್ ಗದ್ದಲದಲ್ಲಿ ಆ ಒಂದು ಮಿಲಿವೋಲ್ಟ್ ಮುಳುಗಿಹೋಗುತ್ತೆ. ಕೇಬಲ್ ತುಂಡಾದ್ರೆ ಯಂತ್ರ ಕಪಾಟಿಗೆ. ಕೇಂದ್ರ ಸರ್ಕಾರ 2015ರಲ್ಲಿ ಆಸ್ಪತ್ರೆ ಉಪಕರಣಗಳ ನಿರ್ವಹಣೆಗೆ ಯೋಜನೆ ತಂದಾಗ, ರಾಜ್ಯವಾರು ನೋಡಿದರೆ ಶೇ 13ರಿಂದ 34ರಷ್ಟು ಉಪಕರಣಗಳು ಕೆಲಸ ಮಾಡ್ತಿರಲಿಲ್ಲ.

ಬಯೋಮೆಡಿಕಲ್ ಎಂಜಿನಿಯರ್ ಬೇಕಾಗೋದು ಇಲ್ಲೇ. ಯಂತ್ರ ವಿನ್ಯಾಸ ಮಾಡೋರು, ಪರೀಕ್ಷಿಸೋರು, ರಿಪೇರಿ ಮಾಡೋರು ಇವರೇ. ಮಣಿಪಾಲದ ಎಂಐಟಿಯಲ್ಲಿ ಈ ಕೋರ್ಸ್ ಇದೆ. ಬೆಂಗಳೂರಿನ ಬಿಎಂಎಸ್, ದಯಾನಂದ ಸಾಗರ್ ಕಾಲೇಜುಗಳಲ್ಲಿ ಮೆಡಿಕಲ್ ಎಲೆಕ್ಟ್ರಾನಿಕ್ಸ್ ಹೆಸರಲ್ಲಿ ಸಿಗುತ್ತೆ. ಡಾಕ್ಟರ್ ಆಗದೆಯೂ ಜೀವ ಉಳಿಸೋ ದಾರಿ ಇದು. ಸಿಇಟಿ ಕೌನ್ಸೆಲಿಂಗ್‌ನಲ್ಲಿ ಕಂಪ್ಯೂಟರ್ ಸೈನ್ಸ್ ಒಂದನ್ನೇ ಹುಡುಕ್ತಾ ಇರೋ ನಿಮ್ಮ ತಮ್ಮನಿಗೋ ತಂಗಿಗೋ ಈ ಸಂಚಿಕೆ ಕಳಿಸಿ.

ಮನೇಲಿ ಯಾರಿಗಾದ್ರೂ ಎದೆನೋವು ಬಂದ್ರೆ ಸೋಡಾ ಕುಡಿಸಿ ಮಲಗಿಸಬೇಡಿ. 108ಕ್ಕೆ ಫೋನ್ ಮಾಡಿ, ಹತ್ತಿರ ಇಸಿಜಿ ಎಲ್ಲಿದೆ ಅಂತ ಇವತ್ತೇ ತಿಳ್ಕೊಂಡಿರಿ. ಮತ್ತೆ ಸಿಗೋಣ.