ಮಹಿಳಾ ಉದ್ಯಮಶೀಲತೆ: ಅಧ್ಯಯನದ ಇತಿಹಾಸ

ಮಹಿಳೆಯರು ಉದ್ಯಮಗಳನ್ನು ಸ್ಥಾಪಿಸಿ ನಡೆಸುವ ಬಗೆಯನ್ನೂ ಅದರ ಸಾಮಾಜಿಕ, ಆರ್ಥಿಕ ಹಿನ್ನೆಲೆಯನ್ನೂ ಪರಿಶೀಲಿಸುವ ಈ ಅಧ್ಯಯನಶಾಖೆ 1970ರ ದಶಕದ ಉತ್ತರಾರ್ಧದಲ್ಲಿ ಅಮೆರಿಕದಲ್ಲಿ ರೂಪುಗೊಂಡಿತು. ಅದಕ್ಕೆ ಮೊದಲು ಉದ್ಯಮಿಯನ್ನು ಕುರಿತ ಸಿದ್ಧಾಂತಗಳೆಲ್ಲ ಬಹುಮಟ್ಟಿಗೆ ಪುರುಷರ ಅಧ್ಯಯನದಿಂದಲೇ ಹುಟ್ಟಿದ್ದವು. ಸಾಧನೆಯ ಹಂಬಲವೇ ಉದ್ಯಮಶೀಲತೆಯ ಬೇರು ಎಂದು 1961ರಲ್ಲಿ ಪ್ರತಿಪಾದಿಸಿದ ಮನಶ್ಶಾಸ್ತ್ರಜ್ಞ ಡೇವಿಡ್ ಮೆಕ್ಲೆಲೆಂಡ್ ಅವರ ಪ್ರಸಿದ್ಧ ಕೃತಿಯೂ ಇದಕ್ಕೆ ಹೊರತಲ್ಲ. ಎಲೀನರ್ ಶ್ವಾರ್ಟ್ಜ್ 20 ಮಹಿಳಾ ಉದ್ಯಮಿಗಳನ್ನು ಸಂದರ್ಶಿಸಿ 1976ರಲ್ಲಿ ಪ್ರಕಟಿಸಿದ ಲೇಖನವನ್ನು ಸಾಮಾನ್ಯವಾಗಿ ಈ ಕ್ಷೇತ್ರದ ಮೊದಲ ವಿದ್ವತ್ ಬರಹವೆಂದು ಗಣಿಸಲಾಗುತ್ತದೆ.

ಮುಂದಿನ ಒಂದೂವರೆ ದಶಕದ ಸಂಶೋಧನೆ ಮಹಿಳೆ ಪುರುಷನಿಂದ ಹೇಗೆ ಭಿನ್ನಳು ಎಂಬ ಒಂದೇ ಪ್ರಶ್ನೆಯ ಸುತ್ತ ಸುಳಿಯಿತು. ಆಕೆಯ ಉದ್ಯಮ ಚಿಕ್ಕದು, ಬೆಳವಣಿಗೆ ನಿಧಾನ ಎಂಬ ತೀರ್ಮಾನಗಳು ಬಂದವಾದರೂ ಅಳೆಯುವ ಕೋಲನ್ನೇ ಯಾರೂ ಪರೀಕ್ಷಿಸಿರಲಿಲ್ಲ. 1992ರಲ್ಲಿ ಕ್ಯಾಂಡಿಡಾ ಬ್ರಷ್, ಮಹಿಳೆಯರು ಉದ್ಯಮವನ್ನು ಕುಟುಂಬ ಮತ್ತು ಸಮುದಾಯದ ಸಂಬಂಧಗಳ ಭಾಗವಾಗಿ ಕಾಣುವುದರಿಂದ ಲಾಭ ಮತ್ತು ಗಾತ್ರಗಳಷ್ಟೇ ಯಶಸ್ಸಿನ ಮಾನದಂಡವಾಗಲಾರವು ಎಂದು ವಾದಿಸಿದರು. ಸ್ವೀಡನ್ನಿನ ಹೆಲೆನ್ ಆಲ್ 2006ರಲ್ಲಿ ಇನ್ನೂ ಮುಂದೆ ಹೋಗಿ, ಭಾಷೆಯೊಳಗೆ ಅಡಗಿದ ಪೂರ್ವಗ್ರಹಗಳನ್ನು ಬಯಲಿಗೆಳೆಯುವ ಸಂಕಥನ ವಿಶ್ಲೇಷಣೆಯ ಮೂಲಕ, ಮಹಿಳೆಯನ್ನು ಕೊರತೆಯುಳ್ಳವಳೆಂದು ಚಿತ್ರಿಸುವಲ್ಲಿ ಸಂಶೋಧನಾ ಲೇಖನಗಳ ಪಾಲೂ ಇದೆ ಎಂದು ತೋರಿಸಿದರು. ಈ ಕ್ಷೇತ್ರ ತನ್ನನ್ನೇ ತಿದ್ದಿಕೊಳ್ಳಲು ನೆರವಾದ ಮಹತ್ವದ ವಿಮರ್ಶೆ ಅದು.

ಭಾರತದಲ್ಲಿ ಈ ಚಿಂತನೆ ಬೇರೊಂದು ದಾರಿಯಿಂದ ಬಂದಿತು. 1972ರಲ್ಲಿ ಅಹಮದಾಬಾದಿನಲ್ಲಿ ಇಳಾ ಭಟ್ ಸ್ಥಾಪಿಸಿದ ‘ಸೇವಾ’ ಸಂಘಟನೆ ಮತ್ತು 1988ರ ‘ಶ್ರಮಶಕ್ತಿ’ ವರದಿ, ಬೀದಿ ವ್ಯಾಪಾರಿಗಳನ್ನೂ ಮನೆಯಲ್ಲೇ ಬೀಡಿ, ಅಗರಬತ್ತಿ ಹೊಸೆಯುವವರನ್ನೂ ಅಧ್ಯಯನದ ಕೇಂದ್ರಕ್ಕೆ ತಂದವು. ಬೆಂಗಳೂರಿನಲ್ಲಿ 1983ರಲ್ಲಿ ಆರಂಭವಾದ ಕರ್ನಾಟಕ ಮಹಿಳಾ ಉದ್ಯಮಿಗಳ ಸಂಘ ‘ಅವೇಕ್’ ತರಬೇತಿ ಮತ್ತು ಮಾರ್ಗದರ್ಶನಕ್ಕೆ ಒತ್ತು ಕೊಟ್ಟಿತು. 1992ರಲ್ಲಿ ನಬಾರ್ಡ್ ಸ್ವಸಹಾಯ ಸಂಘಗಳನ್ನು ಬ್ಯಾಂಕುಗಳೊಂದಿಗೆ ಜೋಡಿಸತೊಡಗಿದ ಬಳಿಕ ಸಂಶೋಧಕರ ಗಮನ ಕಿರುಸಾಲದತ್ತ ಹರಿಯಿತು.

ಇತ್ತೀಚಿನ ಪ್ರವೃತ್ತಿಯೆಂದರೆ ಕ್ಷೇತ್ರ ಪ್ರಯೋಗ, ಅಂದರೆ ಚೀಟಿ ಎತ್ತಿದಂತೆ ಆಯ್ದ ಕೆಲವರಿಗೆ ಮಾತ್ರ ನೆರವು ನೀಡಿ ಉಳಿದವರೊಂದಿಗೆ ಹೋಲಿಸುವ ವಿಧಾನ. ಶ್ರೀಲಂಕಾದಲ್ಲಿ ಕಿರು ಉದ್ಯಮಿಗಳಿಗೆ ಅನುದಾನ ಕೊಟ್ಟು ನೋಡಿದಾಗ ಪುರುಷರ ಲಾಭ ಹೆಚ್ಚಿತು, ಮಹಿಳೆಯರದು ಹೆಚ್ಚಲಿಲ್ಲ. ಆದರೆ ಭಾರತ, ಶ್ರೀಲಂಕಾ ಮತ್ತು ಘಾನಾಗಳ ಮಾಹಿತಿಯನ್ನು ಮರುಪರಿಶೀಲಿಸಿದ 2019ರ ಅಧ್ಯಯನವೊಂದು, ಮಹಿಳೆಗೆ ಬಂದ ಬಂಡವಾಳ ಅನೇಕ ಮನೆಗಳಲ್ಲಿ ಗಂಡನ ವ್ಯಾಪಾರಕ್ಕೆ ಸೇರುತ್ತಿತ್ತೆಂದೂ, ಆಕೆಯದೊಂದೇ ಉದ್ಯಮವಿರುವ ಮನೆಯಲ್ಲಿ ಅದು ಒಳ್ಳೆಯ ಪ್ರತಿಫಲವನ್ನೇ ಕೊಟ್ಟಿತೆಂದೂ ತಿಳಿಸಿತು. ಹೀಗೆ ಒಬ್ಬ ವ್ಯಕ್ತಿಯ ಸಾಮರ್ಥ್ಯದ ಪ್ರಶ್ನೆ ಇಡೀ ಮನೆಯೊಳಗಿನ ಹಂಚಿಕೆಯ ಪ್ರಶ್ನೆಯಾಗಿ ಬದಲಾಯಿತು.

ಎಣಿಕೆಯ ತೊಡಕು ಈ ಅಧ್ಯಯನಕ್ಕೆ ಅಂಟಿಕೊಂಡೇ ಇದೆ. 2013–14ರ ಆರನೆಯ ಆರ್ಥಿಕ ಗಣತಿಯ ಪ್ರಕಾರ ಭಾರತದ ಉದ್ಯಮ ಘಟಕಗಳಲ್ಲಿ ಮಹಿಳೆಯರ ಒಡೆತನದವು ಶೇ. 13.76; ಆದರೆ ಹೆಂಡತಿಯ ಹೆಸರಿನಲ್ಲಿದ್ದು ಗಂಡ ನಡೆಸುವ ಘಟಕಗಳನ್ನೂ, ಗಂಡನ ಹೆಸರಿನಲ್ಲಿದ್ದು ಹೆಂಡತಿಯ ದುಡಿಮೆಯಿಂದ ನಡೆಯುವ ಅಂಗಡಿಗಳನ್ನೂ ಇಂತಹ ಒಂದು ಅಂಕಿ ಬೇರ್ಪಡಿಸಿ ತೋರಿಸಲಾರದು.