ಕೇರಳದ ಕಾಲೇಜು ಆವರಣಗಳಲ್ಲಿ ಶಾಂತಿಯುತ ಪ್ರತಿಭಟನೆ: ಒಂದು ಅವಲೋಕನ

ವಿದ್ಯಾರ್ಥಿಗಳ ಪ್ರತಿಭಟನೆಯನ್ನು ಕುರಿತ ಚರ್ಚೆಗಳಲ್ಲಿ ಶಿಸ್ತು ಮತ್ತು ಸ್ವಾತಂತ್ರ್ಯಗಳನ್ನು ಎದುರುಬದುರಾಗಿ ನಿಲ್ಲಿಸುವುದು ವಾಡಿಕೆ. ಆದರೆ ಪ್ರತಿಭಟನೆಯ ಮೇರೆಯನ್ನು ನಿರ್ಣಯಿಸುವವರು ಯಾರು ಎಂಬ ಪ್ರಶ್ನೆಯೇ ಇಲ್ಲಿ ಮೂಲಭೂತವಾದುದೆಂದು ನಾವು ಭಾವಿಸುತ್ತೇವೆ. ಕೇರಳದ ಇತಿಹಾಸವು ಇದಕ್ಕೆ ನಿದರ್ಶನವಾಗಿದೆ.

1937ರಲ್ಲಿ ತಿರುವನಂತಪುರದಲ್ಲಿ ತಿರುವಾಂಕೂರು ವಿಶ್ವವಿದ್ಯಾನಿಲಯವು ಸ್ಥಾಪಿತವಾದಾಗ, ಸಂಸ್ಥಾನದ ದಿವಾನರಾದ ಸರ್ ಸಿ. ಪಿ. ರಾಮಸ್ವಾಮಿ ಅಯ್ಯರ್ ಅವರೇ ಅದರ ಪ್ರಥಮ ಕುಲಪತಿಗಳಾದರು. 1938ರ ಜವಾಬ್ದಾರಿ ಸರ್ಕಾರದ ಚಳವಳಿಯಲ್ಲಿ ವಿದ್ಯಾರ್ಥಿಗಳೂ ಪಾಲ್ಗೊಂಡರು. ದೂರು ಯಾರ ಮೇಲಿತ್ತೋ ವಿದ್ಯಾರ್ಥಿಯನ್ನು ಶಿಕ್ಷಿಸುವ ಅಧಿಕಾರವೂ ಅವರ ಕೈಯಲ್ಲೇ ಇತ್ತು. ರಾಜ್ಯವಿರೋಧ ಮತ್ತು ವಿದ್ಯಾಸಂಸ್ಥೆಯ ಅಶಿಸ್ತು ಎಂಬ ಭೇದವೇ ಅಲ್ಲಿ ಅಳಿಸಿಹೋಗಿತ್ತು.

1950ರಲ್ಲಿ ಜಾರಿಗೆ ಬಂದ ಸಂವಿಧಾನದ 19ನೆಯ ಅನುಚ್ಛೇದವು ನಿರಾಯುಧರಾಗಿ, ಶಾಂತಿಯುತವಾಗಿ ಸಭೆ ಸೇರುವ ಹಕ್ಕನ್ನು ಪ್ರಜೆಗಳಿಗೆ ನೀಡಿತು. ಸಾರ್ವಜನಿಕ ಸುವ್ಯವಸ್ಥೆಗಾಗಿ ಯುಕ್ತವಾದ ನಿರ್ಬಂಧಗಳಿಗೂ ಅವಕಾಶವಿತ್ತಿತು. ಈ ಹಕ್ಕು ಕಾಲೇಜಿನ ಬಾಗಿಲೊಳಗೆ ಎಷ್ಟರಮಟ್ಟಿಗೆ ಸಲ್ಲುತ್ತದೆ ಎಂಬ ವಿವಾದವು ಮುಂದೆ ಕೊಚ್ಚಿಯಲ್ಲಿರುವ ಕೇರಳ ಉಚ್ಚ ನ್ಯಾಯಾಲಯದ ಮುಂದೆ ಬಂದಿತು. ಪಾಲಾದ ಕಾಲೇಜೊಂದರ ಪ್ರಕರಣದಲ್ಲಿ, ಆವರಣದೊಳಗಿನ ರಾಜಕೀಯ ಚಟುವಟಿಕೆಯನ್ನು ನಿಷೇಧಿಸುವ ಅಧಿಕಾರವು ಸಂಸ್ಥೆಗಿದೆಯೆಂದು ನ್ಯಾಯಾಲಯವು 2003ರಲ್ಲಿ ಎತ್ತಿಹಿಡಿಯಿತು. ವಿದ್ಯಾರ್ಥಿ ಸಂಘಗಳ ಚುನಾವಣೆಯ ಬಗ್ಗೆ 2006ರಲ್ಲಿ ಸರ್ವೋಚ್ಚ ನ್ಯಾಯಾಲಯವು ಅಂಗೀಕರಿಸಿದ ಲಿಂಗ್ಡೋ ಸಮಿತಿಯ ಶಿಫಾರಸುಗಳಿಗೂ ಕೇರಳದ ವ್ಯಾಜ್ಯವೇ ಮೂಲವೆಂಬುದು ಗಮನಾರ್ಹ. 2020ರ ಫೆಬ್ರವರಿಯಲ್ಲಿ ಉಚ್ಚ ನ್ಯಾಯಾಲಯವು, ಪಾಠಪ್ರವಚನಗಳಿಗೆ ಅಡ್ಡಿಯಾಗುವ ಮುಷ್ಕರ, ಘೇರಾವೊ, ಧರಣಿಗಳನ್ನು ನಿಷೇಧಿಸಿತು. ಶಾಂತಿಯುತ ವಿಚಾರವಿನಿಮಯಕ್ಕೆ ಮಾತ್ರ ಎಡೆಯನ್ನುಳಿಸಿತು.

ಇಂತಹ ನಿಲುವಿನ ಹಿಂದಿನ ಕಳವಳವು ನಿರಾಧಾರವಲ್ಲ. ಎಡಪ್ಪಳ್ಳಿಗೆ ದಕ್ಷಿಣದಲ್ಲಿ ಕೆಲವೇ ಕಿಲೋಮೀಟರು ದೂರದ ಎರ್ನಾಕುಲಂ ಮಹಾರಾಜಾಸ್ ಕಾಲೇಜಿನಲ್ಲಿ 2018ರ ಜುಲೈನಲ್ಲಿ ವಿದ್ಯಾರ್ಥಿಯೊಬ್ಬನ ಕೊಲೆಯೇ ನಡೆಯಿತು. ಮುಷ್ಕರಕ್ಕೆ ಒಪ್ಪದವನಿಗೂ ಪಾಠ ಕೇಳುವ ಹಕ್ಕಿದೆ. ಆದರೆ ದಾರಿಗಟ್ಟುವ ಘೇರಾವೊ ಮತ್ತು ಯಾರನ್ನೂ ತಡೆಯದೆ ಮರದಡಿ ಕುಳಿತು ನಡೆಸುವ ಧರಣಿ ಇವೆರಡೂ ಒಂದೇ ಅಲ್ಲ. ಬಲಪ್ರಯೋಗ ಎಲ್ಲಿ ಆರಂಭವಾಗುವುದೋ ಅಲ್ಲಿ ಗೆರೆಯೆಳೆಯಬೇಕೇ ಹೊರತು ದನಿಯೆತ್ತುವಲ್ಲಿ ಅಲ್ಲ. ಆ ಗೆರೆಯನ್ನೆಳೆಯುವ ಕೆಲಸವನ್ನು ಸಂಸ್ಥೆಯೊಂದಕ್ಕೇ ಬಿಟ್ಟರೆ ಪ್ರತಿವಾದಿಯೇ ನ್ಯಾಯಾಧೀಶನಾದಂತಾಗುತ್ತದೆ. ತಿರುವಾಂಕೂರಿನ ದಿವಾನ-ಕುಲಪತಿಯ ಪ್ರಸಂಗವು ನಮಗೆ ಕಲಿಸುವ ಪಾಠ ಇದೇ. ಅಧ್ಯಾಪಕರೂ ವಿದ್ಯಾರ್ಥಿಗಳೂ ಹೊರಗಿನ ತಟಸ್ಥರೂ ಕೂಡಿ ಈ ಮೇರೆಯನ್ನು ನಿರ್ಣಯಿಸುವಂತಾದಾಗಲೇ 19ನೆಯ ಅನುಚ್ಛೇದವು ಕಾಲೇಜಿನೊಳಗೂ ಅರ್ಥಪೂರ್ಣವಾದೀತು.