ಗಡಿಭಾಗದ ಗಣಕಯಂತ್ರಕ್ಕೆ ಪ್ಯಾಕೇಜ್ ಮ್ಯಾನೇಜರ್: ಕನ್ನಡ, ಮರಾಠಿ ಎರಡಕ್ಕೂ ಒಂದೇ ದಾರಿ

ಉದಗೀರ ಮತ್ತು ನಿಲಂಗಾ 1956ರ ನವೆಂಬರ್ 1ರವರೆಗೆ ಬೀದರ ಜಿಲ್ಲೆಯಲ್ಲಿದ್ದವು. ಗಡಿ ಬದಲಾದರೂ ಮನೆಮಾತು ಬದಲಾಗಲಿಲ್ಲ. ಉಮರ್ಗಾ ಕಡೆಯ ಕನ್ನಡ ಮನೆಗಳದ್ದೂ ಇದೇ ಮಾತು: ಸಾತ್-ಬಾರಾ ಉತಾರೆ ಮರಾಠಿಯಲ್ಲಿ, ಆಚೆಯ ಬೀಗರಿಗೆ ಲಗ್ನಪತ್ರಿಕೆ ಕನ್ನಡದಲ್ಲಿ. ಮನೆಯ ಗಣಕಯಂತ್ರಕ್ಕೂ ಎರಡು ಲಿಪಿ ಬರಬೇಕು. ಅದಕ್ಕೆ ಸಿಕ್ಕಸಿಕ್ಕ ತಾಣದಿಂದ ಫಾಂಟು, ತಂತ್ರಾಂಶ ಇಳಿಸಿಕೊಂಡರೆ ಜೊತೆಗೆ ವೈರಸ್ಸೂ ಬರಬಹುದು. ಬ್ಯಾಂಕಿನ ವ್ಯವಹಾರ ಅದೇ ಯಂತ್ರದಲ್ಲಿದ್ದರೆ ನಷ್ಟ ದೊಡ್ಡದು.

ಏನಿದು ಪ್ಯಾಕೇಜ್ ಮ್ಯಾನೇಜರ್?

ತಂತ್ರಾಂಶಗಳನ್ನು ಒಂದೇ ಉಗ್ರಾಣದಿಂದ ತಂದು, ಪರೀಕ್ಷಿಸಿ, ಸ್ಥಾಪಿಸುವ, ಬೇಡವಾದಾಗ ತೆಗೆಯುವ ಸಾಧನವಿದು. ಡೆಬಿಯನ್ ಲಿನಕ್ಸ್‌ನ 'ಆಪ್ಟ್' 1999ರಿಂದ ಬಳಕೆಯಲ್ಲಿದೆ; ಉಬುಂಟುವಿನಲ್ಲೂ ಅದೇ ಇದೆ. ವಿಂಡೋಸ್‌ಗೆ ಮೈಕ್ರೋಸಾಫ್ಟ್ 2020ರಲ್ಲಿ 'ವಿನ್‌ಗೆಟ್' ಪ್ರಕಟಿಸಿತು. ಉತಾರೆಯ ಮೇಲೆ ತಲಾಠಿಯ ಸಹಿ-ಶಿಕ್ಕಾ ನೋಡುವಂತೆ, ಆಪ್ಟ್ ಉಗ್ರಾಣದ ಡಿಜಿಟಲ್ ಸಹಿ ನೋಡುತ್ತದೆ. ಸಹಿ ತಾಳೆಯಾಗದಿದ್ದರೆ ಎಚ್ಚರಿಸುತ್ತದೆ.

ವಿಂಡೋಸ್‌ನಲ್ಲಿ

ವಿಂಡೋಸ್ 11ರಲ್ಲಿ ವಿನ್‌ಗೆಟ್ ಸಾಮಾನ್ಯವಾಗಿ ಮೊದಲೇ ಇರುತ್ತದೆ. ಟರ್ಮಿನಲ್ ತೆರೆದು 'ವಿನ್‌ಗೆಟ್' ಎಂದು ಇಂಗ್ಲಿಷಿನಲ್ಲಿ ಟೈಪ್ ಮಾಡಿ (ಡಬ್ಲ್ಯು, ಐ, ಎನ್, ಜಿ, ಇ, ಟಿ). ಆದೇಶಗಳ ಪಟ್ಟಿ ಬಂದರೆ ಸರಿ. ಬಾರದಿದ್ದರೆ ಮೈಕ್ರೋಸಾಫ್ಟ್ ಸ್ಟೋರ್‌ನಿಂದ 'ಆ್ಯಪ್ ಇನ್‌ಸ್ಟಾಲರ್' ಹಾಕಿಕೊಳ್ಳಿ. ಬಳಿಕ 'ವಿನ್‌ಗೆಟ್ ಸರ್ಚ್' ಮುಂದೆ ತಂತ್ರಾಂಶದ ಹೆಸರು ಕೊಟ್ಟು ಹುಡುಕಿ, 'ವಿನ್‌ಗೆಟ್ ಇನ್‌ಸ್ಟಾಲ್' ಮುಂದೆ ಅದರ ಗುರುತು ಕೊಟ್ಟು ಸ್ಥಾಪಿಸಿ.

ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟ್‌ನ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿಯಿತು. 11ಕ್ಕೆ ಏರಲಾಗದ ಹಳೆಯ ಯಂತ್ರ ಇದ್ದವರು ಲಿನಕ್ಸ್ ನೋಡಬಹುದು. ಅದಕ್ಕೂ ಮುಂಚೆ ಕಡತಗಳ ಪ್ರತಿಯನ್ನು ಬೇರೆ ಕಡೆ ಇಟ್ಟುಕೊಳ್ಳಿ.

ಲಿನಕ್ಸ್‌ನಲ್ಲಿ ಎರಡು ಲಿಪಿ

ಉಬುಂಟು, ಡೆಬಿಯನ್‌ನಲ್ಲಿ ಆಪ್ಟ್ ಜೊತೆಗೇ ಬರುತ್ತದೆ. ಆದೇಶಗಳನ್ನೆಲ್ಲ ಇಂಗ್ಲಿಷಿನ ಸಣ್ಣಕ್ಷರದಲ್ಲೇ ಬರೆಯಬೇಕು.

1. ಮೊದಲು 'ಸುಡೊ ಆಪ್ಟ್ ಅಪ್‌ಡೇಟ್' (ಎಸ್-ಯು-ಡಿ-ಓ, ಎ-ಪಿ-ಟಿ). ಇದು ಉಗ್ರಾಣದ ಪಟ್ಟಿಯನ್ನು ಹೊಸದು ಮಾಡುತ್ತದೆ. ಪಾಸ್‌ವರ್ಡ್ ಕೇಳಿದಾಗ ಅಕ್ಷರ ತೆರೆಯ ಮೇಲೆ ಕಾಣುವುದಿಲ್ಲ, ಗಾಬರಿ ಬೇಡ.

2. ನಂತರ 'ಸುಡೊ ಆಪ್ಟ್ ಇನ್‌ಸ್ಟಾಲ್' ಬರೆದು ಎರಡು ಹೆಸರು ಸೇರಿಸಿ: ಕನ್ನಡಕ್ಕೆ 'ಫಾಂಟ್ಸ್', ಅಡ್ಡಗೆರೆ, ಕೆ-ಎನ್-ಡಿ-ಎ, ಮರಾಠಿಗೆ 'ಫಾಂಟ್ಸ್', ಅಡ್ಡಗೆರೆ, ಡಿ-ಇ-ವಿ-ಎ. ಕನ್ನಡದ ಗುಬ್ಬಿ, ನವಿಲು ಫಾಂಟುಗಳೂ ಉಗ್ರಾಣದಲ್ಲಿವೆ.

3. ಕೀಲಿಮಣೆಗೆ ಬೇರೆ ತಂತ್ರಾಂಶ ಬೇಕಿಲ್ಲ. ಸೆಟ್ಟಿಂಗ್ಸ್‌ನ ಕೀಬೋರ್ಡ್ ವಿಭಾಗದಲ್ಲಿ ಕನ್ನಡ ಮತ್ತು ಮರಾಠಿಯ 'ಕಗಪ' ವಿನ್ಯಾಸಗಳನ್ನು ಸೇರಿಸಿ. ಕಗಪ ಎಂದರೆ ಕನ್ನಡ ಗಣಕ ಪರಿಷತ್ತು. ವಿನ್ಯಾಸದ ಮೂಲ ಕೆ.ಪಿ. ರಾವ್ ಅವರದು. ಕನ್ನಡದ 'ಕ' ಬರುವ ಕೀಲಿಯಲ್ಲೇ ಮರಾಠಿಯ 'ಕ'ವೂ ಬರುತ್ತದೆ. ಒಂದು ಭಾಷೆಯ ಟೈಪಿಂಗ್ ಕಲಿತವರಿಗೆ ಇನ್ನೊಂದು ಸುಲಭ.

ಹಳೆಯ ನುಡಿ, ಬರಹ, ಶ್ರೀಲಿಪಿ ಕಡತಗಳು ಯೂನಿಕೋಡ್‌ನಲ್ಲಿ ಇರದಿದ್ದರೆ ಫಾಂಟು ಹಾಕಿದ ಮಾತ್ರಕ್ಕೆ ಓದಲು ಬರುವುದಿಲ್ಲ. ಅವನ್ನು ಮೊದಲು ಯೂನಿಕೋಡ್‌ಗೆ ಪರಿವರ್ತಿಸಬೇಕು.

ಮನೆಯಲ್ಲಿ ಅಂತರ್ಜಾಲ ಇಲ್ಲವೇ?

ಭಾರತದ ಡೆಬಿಯನ್ ಅಭಿವರ್ಧಕ ರಿತೇಶ್ ರಾಜ್ ಸರ್ರಾಫ್ ರೂಪಿಸಿದ 'ಆಪ್ಟ್-ಆಫ್‌ಲೈನ್' ಇಂಥವರಿಗೆ ಅನುಕೂಲ. ಮೊಬೈಲ್ ಹಾಟ್‌ಸ್ಪಾಟ್ ಸಿಕ್ಕಾಗ ಒಮ್ಮೆ ಇದನ್ನು ಸ್ಥಾಪಿಸಿಟ್ಟುಕೊಳ್ಳಿ. ಮುಂದೆ 'ಸೆಟ್' ಆದೇಶ ಮನೆಯ ಯಂತ್ರಕ್ಕೆ ಬೇಕಾದದ್ದರ ಚೀಟಿ ಬರೆದುಕೊಡುತ್ತದೆ. ಅದನ್ನು ಪೆನ್‌ಡ್ರೈವ್‌ನಲ್ಲಿ ಪೇಟೆಗೆ ಒಯ್ಯಿರಿ. ಅಂತರ್ಜಾಲವಿರುವ, ಇದೇ ಸಾಧನ ಹಾಕಿದ ಯಂತ್ರದಲ್ಲಿ 'ಗೆಟ್' ಕೊಟ್ಟರೆ ಚೀಟಿಯ ಸಾಮಾನೆಲ್ಲ ಒಂದು ಗಂಟಾಗಿ ಇಳಿಯುತ್ತದೆ. ಮನೆಗೆ ಬಂದು 'ಇನ್‌ಸ್ಟಾಲ್' ಕೊಟ್ಟರೆ ಅದು ಆಪ್ಟ್‌ನ ಕೈಗೆ ಸೇರುತ್ತದೆ. ಆಮೇಲೆ ಎಂದಿನಂತೆ ಆಪ್ಟ್‌ನಿಂದಲೇ ಸ್ಥಾಪಿಸಿ. ಹಾಗೆಯೇ, ಅಂತರ್ಜಾಲದಿಂದ ತಂದ ಗಂಟನ್ನು ಅದೇ ಆವೃತ್ತಿಯ ನೆರೆಮನೆ ಯಂತ್ರಕ್ಕೂ ಬಳಸಬಹುದು. ಆದರೆ ಅಲ್ಲಿ ಇರದ ಬೇರೆ ಪ್ಯಾಕೇಜು ಬೇಕಾದರೆ ಹೊಸ ಚೀಟಿ ಬೇಕಾದೀತು.

ನಡುವೆ ಕರೆಂಟ್ ಹೋದರೆ

ಸ್ಥಾಪನೆ ಅರ್ಧಕ್ಕೆ ನಿಂತರೆ ಎಲ್ಲವನ್ನೂ ಅಳಿಸಬೇಡಿ. ಯಂತ್ರ ಮತ್ತೆ ಚಾಲೂ ಮಾಡಿ 'ಸುಡೊ ಡಿಪಿಕೆಜಿ' ಬರೆದು, ಮುಂದೆ ಎರಡು ಅಡ್ಡಗೆರೆ ಸೇರಿಸಿದ 'ಕಾನ್ಫಿಗರ್', ಬಳಿಕ ಜಾಗ ಬಿಟ್ಟು ಒಂದು ಅಡ್ಡಗೆರೆಯ 'ಎ' ಕೊಡಿ. ನಿಂತ ಕೆಲಸ ಮುಂದುವರಿಯುತ್ತದೆ. 'ಲಾಕ್ ಸಿಗುತ್ತಿಲ್ಲ' ಎಂಬ ಸಂದೇಶ ಬಂದರೆ ಹಿನ್ನೆಲೆಯಲ್ಲಿ ಬೇರೊಂದು ಅಪ್‌ಡೇಟ್ ನಡೆಯುತ್ತಿರಬಹುದು. ಸ್ವಲ್ಪ ಹೊತ್ತು ಕಾಯಿರಿ.

'ಸುಡೊ' ಎಂದರೆ ಯಂತ್ರದ ಪೂರ್ಣ ಅಧಿಕಾರ ಕೊಡುವುದು. ಖಾಲಿ ಕಾಗದಕ್ಕೆ ಹೆಬ್ಬೆಟ್ಟು ಒತ್ತಬಾರದೆಂದು ಹಿರಿಯರು ಹೇಳುತ್ತಾರಲ್ಲ, ಅದೇ ಬುದ್ಧಿ ಇಲ್ಲೂ ಬೇಕು. ಯಾರೋ ಕಳಿಸಿದ, ಅರ್ಥ ತಿಳಿಯದ ಆದೇಶವನ್ನು ಸುಡೊ ಹಚ್ಚಿ ನಡೆಸಬೇಡಿ.